ಕಡೂರಿನಲ್ಲಿ ಅಳೆದ ಎತ್ತರ

ಆ ದಿನ ಬೆಳಿಗ್ಗೆ ಐದೂವರೆಗೆ ಎಚ್ಚರವಾಯಿತು. ಎದ್ದ ಕೂಡಲೇ ನಾನು ಮೊದಲು ಕೇಳಿಸಿಕೊಳ್ಳುತ್ತಿದ್ದುದು ಬಚ್ಚಲ ತೊಟ್ಟಿಗೆ ನೀರು ಬೀಳುವ ಸದ್ದನ್ನು. ಗಡಿಯಾರ ನೋಡುತ್ತಿದ್ದುದು ಆಮೇಲೆ. ಮಳೆಗಾಲದಲ್ಲಿ ಆ ಸದ್ದು ದಪ್ಪವಾಗಿರುತ್ತಿತ್ತು. ಫೆಬ್ರವರಿಯ ಹೊತ್ತಿಗೆ ಸಣ್ಣಗಾಗಿ, ಪಕ್ಕದ ಕೋಣೆಯಲ್ಲಿ ಯಾರೋ ಹೊಲಿಗೆ ಮಿಷನ್ ತುಳಿಯುತ್ತಿದ್ದಾರೇನೋ ಅನ್ನಿಸುತ್ತಿತ್ತು. ಆವತ್ತೂ ಹಾಗೇ ಇತ್ತು, ಸಣ್ಣಗೆ, ಆದರೆ ಬಿಡದೆ. ಇಷ್ಟಾದರೂ ಬಂದರೆ ಸಾಕು ಅಂದುಕೊಂಡು ಹಂಡೆಯ ಒಲೆಗೆ ಕಾಫಿ ಗಿಡದ ಒಣ ಬೊಡ್ಡೆ ತುರುಕಿ ಬೆಂಕಿ ಮಾಡಿದೆ. ಡಿಕಾಕ್ಷನ್‌ಗೆ ನೀರಿಟ್ಟೆ. ಅತ್ತೆಗೆ ಎದ್ದ ತಕ್ಷಣ ಒಂದು ಲೋಟ ಬಿಸಿನೀರು ಆಗಬೇಕು, ಅದೂ ಸ್ಟೀಲ್ ಲೋಟದಲ್ಲಲ್ಲ, ಹಿತ್ತಾಳೆ ಲೋಟದಲ್ಲಿ. ಅದನ್ನು ಕೊಟ್ಟು ಬಂದೆ. ಕೋಳಿಗೂಡಿನ ಬಾಗಿಲು ತೆಗೆದೆ. ಕಣದಲ್ಲಿ ಹರವಿದ್ದ ಕಾಫಿ ಹಣ್ಣಿನ ಮೇಲೆ ಹೊದೆಸಿದ್ದ ಟಾರ್ಪಾಲಿನ್ ಮಂಜಿಗೆ ನೆನೆದು ಭಾರವಾಗಿತ್ತು. ಅದರ ಒಂದು ತುದಿ ಎತ್ತಿ ನೋಡಿ, ಬಿಸಿಲು ಬರಲಿ ಎಂದು ಹಾಗೇ ಬಿಟ್ಟೆ.

ಮರುದಿನ ಮಾವನವರ ವರ್ಷದ ಕಾರ್ಯ. ಊಟಕ್ಕೆ ಮೂವತ್ತು ಮೂವತ್ತೈದು ಜನ. ಅಟ್ಟದಿಂದ ಇಳಿಸಿದ ದೊಡ್ಡ ಪಾತ್ರೆಗಳು ಹಿತ್ತಲಿನ ಕಲ್ಲಿನ ಮೇಲೆ ಧೂಳು ಹೊದ್ದು ಕೂತಿದ್ದವು. ಕಡುಬಿಗೆ ಅಕ್ಕಿ ತೊಳೆಯಬೇಕು, ಒಳಗಿನ ಮೂರು ಕೋಣೆ ತೊಳೆಯಬೇಕು, ಪರದೆ, ಜಮಖಾನ ಒಗೆಯಬೇಕು. ನಾನು ಮನಸ್ಸಿನಲ್ಲೇ ಒಂದೊಂದನ್ನೂ ನೀರಿನಲ್ಲಿ ಅಳೆಯುತ್ತಿದ್ದೆ. ಪಾತ್ರೆಗೆ ಇಷ್ಟು, ಅಕ್ಕಿಗೆ ಇಷ್ಟು, ನೆಲಕ್ಕೆ ಇಷ್ಟು. ನಲ್ಲಿಯಲ್ಲಿ ಸಂಜೆಯ ತನಕ ಹೀಗೇ ಸಣ್ಣಗೆ ಬಂದರೂ ಎರಡು ತೊಟ್ಟಿ, ನಾಲ್ಕು ಡ್ರಮ್ ತುಂಬುತ್ತವೆ. ಸಾಕು.

ನಮ್ಮನೆಯವರು ಜಗಲಿಯಲ್ಲಿ ಕಾಫಿ ಕುಡಿಯುತ್ತಾ, "ಇವತ್ತು ಬರತ್ತಂತೆ ಕಣೇ ಅದು. ನಿನ್ನೆ ಸಂಜೆ ವಸ್ತಾರೆ ದಾಟಿ ನಿಲ್ಸಿದ್ದಾರಂತೆ" ಅಂದರು.

'ಅದು' ಅಂದರೆ ಏನೆಂದು ನಮ್ಮ ಕಡೆ ಆಗ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮೂಡಿಗೆರೆಯ ಆಚೆ ಹೊಸದಾಗಿ ಕಟ್ಟುತ್ತಿದ್ದ ಕರೆಂಟಿನ ಸ್ಟೇಷನ್ನಿಗೆ ಒಂದು ದೈತ್ಯ ಟ್ರಾನ್ಸ್‌ಫಾರ್ಮರ್ ಬರುತ್ತಿತ್ತು. ಎಲ್ಲೋ ಉತ್ತರದ ಕಾರ್ಖಾನೆಯಿಂದ ರೈಲಿನಲ್ಲಿ ಕಡೂರಿಗೆ ಬಂದು, ಅಲ್ಲಿಂದ ಮುಂದೆ ನಮ್ಮ ಗುಡ್ಡಗಳಿಗೆ ರೈಲು ಇಲ್ಲದ ಕಾರಣ, ನೂರಾರು ಚಕ್ರದ ಟ್ರೇಲರ್ ಮೇಲೆ ಮನುಷ್ಯ ನಡೆಯುವುದಕ್ಕಿಂತ ನಿಧಾನವಾಗಿ ಬರುತ್ತಿತ್ತು. ಎಂಟು ದಿನದಿಂದ ಬಸ್ಸಿನಲ್ಲಿ, ಅಂಗಡಿಯಲ್ಲಿ, ಮದುವೆ ಮನೆಯಲ್ಲಿ ಅದೇ ಮಾತು. ಎಲ್ಲಿಗೆ ಬಂತಂತೆ? ಯಾವ ತಿರುವಲ್ಲಿ ನಿಂತಿದೆಯಂತೆ?

"ನೀರಿನ ಪೈಪು?" ಅಂದೆ ನಾನು.

"ಎಷ್ಟು ಸಲ ಹೇಳ್ಬೇಕು ಮಾರಾಯ್ತಿ ನಿಂಗೆ? ಒಂದು ಗೇಣು ಜಾಗ ಇದೆ."

ಲೋಟ ತೆಗೆದುಕೊಂಡು ಒಳಗೆ ಹೋದೆ. ಹೇಳಬೇಕಾದ್ದನ್ನು ಹೇಳದೆ ಲೋಟ ತೊಳೆಯುವುದು ನನ್ನ ಹಳೆಯ ಅಭ್ಯಾಸ.

ನಮ್ಮ ಮನೆ ಇದ್ದದ್ದು ವಸ್ತಾರೆಯಿಂದ ಮೂಡಿಗೆರೆಗೆ ಹೋಗುವ ರಸ್ತೆಯ ಕೆಳಗೆ. ರಸ್ತೆಯ ಮೇಲ್ಗಡೆ ಗುಡ್ಡ, ಗುಡ್ಡದ ಅರ್ಧದಲ್ಲಿ ಒಂದು ಒರತೆ. ಅಲ್ಲಿಂದ ನೀರು ತಾನಾಗಿ ಇಳಿದು ನಮ್ಮ ಅಡುಗೆಮನೆಗೆ ಬರುತ್ತಿತ್ತು, ಪಂಪು ಗಿಂಪು ಏನೂ ಬೇಡ. ರಸ್ತೆ ಅಗಲ ಮಾಡಿದಾಗ ನೆಲದಡಿಯ ಪೈಪು ಒಡೆದು ಹೋಗಿದ್ದರಿಂದ, ಗುಜರಿಯಿಂದ ತಂದ ಎರಡು ರೈಲು ಕಂಬಿಯನ್ನು ರಸ್ತೆಯ ಆಚೆ ಈಚೆ ನೆಟ್ಟು, ಅದರ ಮೇಲೆ ಕಬ್ಬಿಣದ ಪೈಪನ್ನು ಅಡ್ಡಕ್ಕೆ ಹಾಯಿಸಿದ್ದರು. ಇದಾಗುವುದಕ್ಕೆ ನಾನು ಆರು ವರ್ಷ ಕೇಳಿದ್ದೆ. ಆ ಆರು ವರ್ಷ ನೀರು ಬಂದದ್ದು ಮನೆಯ ಕೆಳಗಿನ ಬಾವಿಯಿಂದ, ನಲವತ್ತೆರಡು ಮೆಟ್ಟಿಲು ಹತ್ತಿ, ನನ್ನ ಸೊಂಟದ ಮೇಲೆ. ಮೆಟ್ಟಿಲು ಎಷ್ಟಿವೆ ಅಂತ ನಮ್ಮನೆಯವರನ್ನು ಕೇಳಿದರೆ "ಮೂವತ್ತೋ ಏನೋ" ಅನ್ನುತ್ತಿದ್ದರು.

ಟ್ರಾನ್ಸ್‌ಫಾರ್ಮರ್ ಸಾಗಿಸುವ ಕಂಪನಿಯಿಂದ ಒಬ್ಬ ಮನುಷ್ಯ ಮೂರು ವಾರದ ಹಿಂದೆ ಕೆಂಪು ಫೈಲು ಹಿಡಿದು ಬಂದಿದ್ದ. ರಸ್ತೆಯ ಮೇಲೆ ಹಾಯುವುದೆಲ್ಲ ಹದಿನೇಳು ಅಡಿಗಿಂತ ಎತ್ತರ ಇರಬೇಕು, ಇಲ್ಲವೇ ಆ ದಿನ ತೆಗೆದು ಆಮೇಲೆ ಹಾಕಿಕೊಳ್ಳಬೇಕು ಅಂದ. ನಮ್ಮ ಪೈಪನ್ನು ತಲೆಯೆತ್ತಿ ನೋಡಿ ಫೈಲಿನಲ್ಲಿ ಬರೆದುಕೊಂಡ.

"ಅದನ್ನ ಮುಟ್ಟಿದ್ರೆ ಗಾಳಿ ಹಿಡಿಯತ್ತೆ ಮಾರಾಯ್ರೇ" ಅಂದರು ನಮ್ಮನೆಯವರು.

ಅದು ನಿಜ. ಗುಡ್ಡದ ಪೈಪಿನಲ್ಲಿ ಒಂದು ಸಲ ನೀರು ಖಾಲಿಯಾಗಿ ಗಾಳಿ ಹೊಕ್ಕರೆ, ಅದು ಏರುತಗ್ಗುಗಳಲ್ಲಿ ಸಿಕ್ಕಿಕೊಂಡು ನೀರನ್ನು ಮುಂದೆ ಬಿಡುವುದಿಲ್ಲ. ಒಂದೊಂದೇ ಜಾಯಿಂಟ್ ಸಡಿಲ ಮಾಡಿ, ಕಿವಿಗೊಟ್ಟು ಕೇಳಿ, ಗಾಳಿ ಬಿಡಿಸಿ ತರಬೇಕು. ನಮ್ಮ ಕಡೆ ಅದನ್ನು ಬಲ್ಲವನು ಒಬ್ಬನೇ ಒಬ್ಬ ಪ್ಲಂಬರ್. ಆಗ ಅವನು ಊರಲ್ಲೇ ಇದ್ದ. ಎರಡು ದಿನ ಮೊದಲೇ ಹೇಳಿದರೆ ನಿಧಾನವಾಗಿ ಬಿಚ್ಚಿ, ಮತ್ತೆ ಕೂಡಿಸಿ ಕೊಡುತ್ತಿದ್ದ. ನಾನು ಅದನ್ನೇ ಹೇಳಿದೆ.

"ಹದಿನೇಳು ಅಡಿ ಅಂತ ಅವ್ರು ಸುಮ್ನೆ ಹೇಳ್ತಾರೆ, ಅವ್ರ ಸೇಫ್ಟಿಗೆ. ಅದು ನಿಜವಾಗ್ಲೂ ಎಷ್ಟು ಎತ್ತರ ಇದೆ ಅಂತ ನಾನೇ ನೋಡ್ತೀನಿ" ಅಂದರು ಇವರು.

ಮುಂದಿನ ವಾರ ಕಡೂರಿನಲ್ಲಿ ನೆಂಟರ ಮನೆಯ ಗೃಹಪ್ರವೇಶವಿತ್ತು. ಊಟ ಮುಗಿಸಿ ಜೀಪನ್ನು ಸೀದಾ ಸ್ಟೇಷನ್ನಿನ ಗೂಡ್ಸ್ ಶೆಡ್ಡಿನ ಕಡೆ ತಿರುಗಿಸಿದರು. ನಾನು ರೇಷ್ಮೆ ಸೀರೆಯಲ್ಲಿ, ತಾಂಬೂಲದ ಚೀಲ ಕೈಯಲ್ಲಿ ಹಿಡಿದುಕೊಂಡು, ಜಲ್ಲಿಕಲ್ಲಿನ ಮೇಲೆ ಇವರ ಹಿಂದೆ ನಡೆದೆ.

ನಾನು ಅಲ್ಲಿಯ ತನಕ ಅಂಥ ವ್ಯಾಗನ್ ನೋಡಿರಲಿಲ್ಲ. ನನಗೆ ಗೊತ್ತಿದ್ದ ಗೂಡ್ಸ್ ಗಾಡಿ ಅಂದರೆ ಗೊಬ್ಬರ ಇಳಿಸುವ ಕೆಂಪು ಡಬ್ಬಗಳು. ಇದು ಬೇರೆ ಜಾತಿಯದು. ಆ ತುದಿಯಲ್ಲಿ ಗಾಲಿಗಳ ಗುಂಪು, ಈ ತುದಿಯಲ್ಲಿ ಗಾಲಿಗಳ ಗುಂಪು. ಒಂದು ಪಕ್ಕದಿಂದ ಎಣಿಸಿದೆ, ಆರು ಮತ್ತು ಆರು. ನಡುವೆ ಒಂದು ಗಾಲಿಯೂ ಇಲ್ಲ. ಎರಡು ಗುಂಪಿನ ನಡುವೆ ದಪ್ಪ ಉಕ್ಕಿನ ತೊಲೆಗಳು ಕೆಳಕ್ಕೆ ಬಾಗಿ, ಎರಡು ಕಂಬಕ್ಕೆ ಕಟ್ಟಿದ ಸೀರೆ ತೊಟ್ಟಿಲಿನ ಹಾಗೆ ಹೊಟ್ಟೆ ಇಳಿಬಿಟ್ಟಿದ್ದವು. ಆ ಹೊಟ್ಟೆಯೊಳಗೆ ಬೂದು ಬಣ್ಣದ ಟ್ರಾನ್ಸ್‌ಫಾರ್ಮರ್ ಕೂತಿತ್ತು, ಕಿಟಕಿಯಿಲ್ಲದ ಮನೆಯ ಹಾಗೆ. ಸುತ್ತ ಸರಪಳಿ ಬಿಗಿದಿದ್ದರು. ಪಕ್ಕದಲ್ಲಿ ಬಿಳಿ ಬಣ್ಣದಲ್ಲಿ ಇಂಗ್ಲಿಷಿನಲ್ಲಿ ಏನೇನೋ ಬರೆದಿತ್ತು. ಓದದೆ ಬಿಡುವುದು ನನ್ನಿಂದಾಗದು, ಗಟ್ಟಿಯಾಗಿ ಓದಿದೆ. ದಿಣ್ಣೆಯಿಂದ ಉರುಳಿಬಿಡಬಾರದು, ಬೇರೆ ಡಬ್ಬಿಗೆ ಡಿಕ್ಕಿ ಹೊಡೆಸಿ ಜೋಡಿಸಬಾರದು ಎಂಬ ಅರ್ಥದ ಮಾತುಗಳು.

ಕಾವಲಿಗೆ ಕೂತಿದ್ದವರು ಗ್ಯಾಂಗ್‌ಮನ್ ಆಗಿ ನಿವೃತ್ತರಾದ ಒಬ್ಬ ಮುದುಕರು. ಯಾರೋ ಓದಿ ಹೇಳಿದ್ದು ಅವರಿಗೆ ಖುಷಿಯಾಯಿತು.

"ಹೌದು ಕಣಮ್ಮ. ಮಿಕ್ಕ ಡಬ್ಬೀನ ಯಾರ್ಡಲ್ಲಿ ದಿಣ್ಣೆ ಹತ್ತಿಸಿ ಉರುಳಿಬಿಡ್ತಾರೆ, ಅವು ಹೋಗಿ ಡಣ್ ಅಂತ ತಗಲ್ಕೊಳ್ತವೆ. ಇದನ್ನ ಹಂಗ್ ಮಾಡಂಗಿಲ್ಲ. ಬಸುರಿ ಕರ್ಕೊಂಡ್ ಬಂದಂಗೆ ಕರ್ಕೊಂಡ್ ಬರ್ಬೇಕು. ಹಗಲೊತ್ತು ಮಾತ್ರ ಓಡ್ಸೋದು. ಜತೇಲೇ ಒಬ್ಬ ಸಾಹೇಬ್ರು ಬರ್ತಾರೆ. ಸೇತುವೆ ಬಂದ್ರೆ ನಿಲ್ಸು, ಪ್ಲಾಟ್‌ಫಾರಂ ಬಂದ್ರೆ ನಿಲ್ಸು, ಇಳಿದು ನೋಡು, ತಾಗಲ್ಲ ಅಂದ್ರೆ ಹೊರಡು. ಎದುರು ಗಾಡೀನೂ ಪಕ್ಕದ ಹಳೀಲಿ ಬಿಡಲ್ಲ."

"ಮಧ್ಯದಲ್ಲಿ ಯಾಕೆ ಹೀಗೆ ಕೆಳಗೆ ಬಗ್ಗಿದೆ?" ಅಂತ ಕೇಳಿದೆ.

"ಇಲ್ದಿದ್ರೆ ಸೇತುವೆ ಕೆಳಗೆ ಹೆಂಗಮ್ಮ ತೂರತ್ತೆ? ಗಾಲಿ ಮೇಲೆ ಕೂರ್ಸಿದ್ರೆ ತಲೆ ಹೊಡ್ಕೊಳತ್ತೆ. ಅದ್ಕೇ ಗಾಲಿ ಆಚೆ ಈಚೆ, ಭಾರ ಗುಂಡೀಲಿ."

ಇವರು ಆಗಲೇ ಜೀಪಿನಿಂದ ಗಂಟಿನ ಹಗ್ಗ ತಂದಿದ್ದರು. ತೋಟದಲ್ಲಿ ಕಾಫಿ ಗಿಡಕ್ಕೆ ಗುಂಡಿ ತೆಗೆಸುವಾಗ ಗಿಡದಿಂದ ಗಿಡಕ್ಕೆ ಅಂತರ ಹಿಡಿಯುವ ಹಗ್ಗ ಅದು, ಆರಾರು ಅಡಿಗೆ ಒಂದೊಂದು ಗಂಟು. ನಮ್ಮ ಕಡೆಯ ಗಂಡಸರು ಟೇಪನ್ನು ನಂಬುವುದಿಲ್ಲ, ಗಂಟಿನ ಹಗ್ಗವನ್ನು ನಂಬುತ್ತಾರೆ. ಸೈಟ್ ಅಳೆಯುವುದೂ ಅದರಲ್ಲೇ, ಶಾಮಿಯಾನ ಹಾಕುವುದೂ ಅದರಲ್ಲೇ. ಮುದುಕರನ್ನು ಪುಸಲಾಯಿಸಿ ಏಣಿ ಹತ್ತಿಸಿ, ಹಗ್ಗದ ಒಂದು ತುದಿಯನ್ನು ಟ್ರಾನ್ಸ್‌ಫಾರ್ಮರಿನ ನೆತ್ತಿಗೆ ಹಿಡಿಸಿದರು. ಇನ್ನೊಂದು ತುದಿ ಕೆಳಗೆ ಬಿಟ್ಟು, ನೆಲ ಮುಟ್ಟಿದ ಕಡೆ ಕೆಂಪು ದಾರ ಕಟ್ಟಿದರು.

ನಾನು ವ್ಯಾಗನ್ನಿನ ಹೊಟ್ಟೆಯ ಪಕ್ಕ ನಿಂತಿದ್ದೆ. ಟ್ರಾನ್ಸ್‌ಫಾರ್ಮರಿನ ಅಡಿ ನನ್ನ ಮೊಣಕಾಲಿನ ಮಟ್ಟದಲ್ಲಿತ್ತು. ಸೀರೆಯ ಜರಿ ಅಂಚಿಗೆ ಅದರ ಗ್ರೀಸು ತಾಗೀತೆಂದು ಹಿಂದೆ ಸರಿದದ್ದರಿಂದ ಅದು ನನಗೆ ಚೆನ್ನಾಗಿ ನೆನಪಿದೆ. ಗೂಡ್ಸ್ ಶೆಡ್ಡಿನ ಆಚೆ ಸಾಗಿಸುವ ಟ್ರೇಲರ್ ಬಂದು ನಿಂತಿತ್ತು, ಖಾಲಿ. ಅದರ ಹಲಗೆ ಅಲ್ಲಿದ್ದ ಡ್ರೈವರನ ಸೊಂಟಕ್ಕೆ ಬರುತ್ತಿತ್ತು. ಅವನು ಅದಕ್ಕೆ ಒರಗಿ ಬೀಡಿ ಸೇದುತ್ತಿದ್ದ.

"ರೀ, ಇಲ್ಲಿ ಇದು ತಗ್ಗಲ್ಲಿ ಕೂತಿದೆ. ಅದರ ಮೇಲೆ ಇಟ್ರೆ ಇನ್ನೂ ಎತ್ತರ ಆಗಲ್ವಾ?" ಅಂದೆ.

"ಸೇತುವೆ, ಸುರಂಗ ಎಲ್ಲಾ ತೂರಿಕೊಂಡು ಬಂದಿದ್ದು ನಮ್ಮನೆ ಪೈಪಿಗೆ ತಾಗತ್ತಾ?" ಅಂದರು. ಆಮೇಲೆ ಮುದುಕರ ಕಡೆ ತಿರುಗಿ, "ಕಾನ್ವೆಂಟಲ್ಲಿ ರೈಲಿನ ಪಾಠಾನೂ ಮಾಡ್ತಿದ್ರು ಅಂತ ಕಾಣತ್ತೆ" ಅಂದು ನಕ್ಕರು. ಮುದುಕರೂ ಮರ್ಯಾದೆಗೆ ನಕ್ಕರು.

ಕಾನ್ವೆಂಟಲ್ಲಿ ರೈಲಿನ ಪಾಠ ಇರಲಿಲ್ಲ, ಹೊಲಿಗೆಯ ಪಾಠ ಇತ್ತು. ಚಿಕ್ಕಮಗಳೂರಿನಲ್ಲಿ ನಮಗೆ ಹೊಲಿಗೆ ಹೇಳಿಕೊಟ್ಟ ಸಿಸ್ಟರ್, ಮೇಜಿನ ಮೇಲೆ ಬಟ್ಟೆ ಹರವಿ ಅಳೆದು ಕತ್ತರಿಸಿದರೆ ಅಷ್ಟೂ ಬಿಚ್ಚಿಸುತ್ತಿದ್ದರು. ತೊಡುವವಳ ಮೈಮೇಲೆ ಅಳೆ ಮಗು, ಮೇಜು ಫ್ರಾಕ್ ತೊಡುವುದಿಲ್ಲ ಅನ್ನುತ್ತಿದ್ದರು. ಜೀಪಿನಲ್ಲಿ ಬರುತ್ತಾ ಇದನ್ನು ಹೇಳೋಣ ಅಂದುಕೊಂಡೆ. ಇವರು ಹೊಸ ಸ್ಟೇಷನ್ ಆದಮೇಲೆ ವೋಲ್ಟೇಜ್ ಹೇಗೆ ಬರುತ್ತದೆ, ಬೇಸಗೆಯಲ್ಲಿ ಕಾಫಿ ಹೂ ಅರಳಲು ಸ್ಪ್ರಿಂಕ್ಲರ್ ಹೇಗೆ ಓಡಿಸಬಹುದು ಎಂದು ಊರು ಮುಟ್ಟುವ ತನಕ ಮಾತಾಡಿದರು. ಆ ಸಂತೋಷದ ನಡುವೆ ಬಾಯಿ ಹಾಕಲು ನನಗೆ ಮನಸ್ಸಾಗಲಿಲ್ಲ.

ಮನೆಗೆ ಬಂದು ಮೆಣಸು ಕುಯ್ಯುವ ಏಣಿ ಹತ್ತಿ ಹಗ್ಗ ಹಿಡಿದು ನೋಡಿದರು. ಕೆಂಪು ದಾರ ನೆಲಕ್ಕಿಟ್ಟರೆ, ಹಗ್ಗದ ತುದಿಗಿಂತ ಪೈಪು ಒಂದು ಗೇಣು ಮೇಲಿತ್ತು. "ನೋಡಿದ್ಯಾ?" ಅಂದರು ಏಣಿಯ ಮೇಲಿಂದಲೇ.

ಇನ್ನು ಮುಂದಿನದು ನನ್ನ ತಪ್ಪು. ಕಂಪನಿಗೆ ಒಂದು ಕಾಗದ ಬರೆಯಬೇಕು, ಇಂಗ್ಲಿಷಿನಲ್ಲಿ ಇದ್ದರೆ ಒಳ್ಳೆಯದು ಅಂದರು. ನಮ್ಮ ಮನೆಯ ಇಂಗ್ಲಿಷ್ ಕಾಗದಗಳೆಲ್ಲ ನನ್ನವೇ. ಕಾಫಿ ಡಿಪೋಗೆ, ಬ್ಯಾಂಕಿಗೆ, ಮಗಳ ಹಾಸ್ಟೆಲಿಗೆ. ಇವರು ಆರಾಮ ಕುರ್ಚಿಯಲ್ಲಿ ಕೂತು ಕನ್ನಡದಲ್ಲಿ ಹೇಳಿದರು, ನಾನು ಊಟದ ಮೇಜಿನ ಮೇಲೆ ಇಂಗ್ಲಿಷಿನಲ್ಲಿ ಬರೆದೆ. ನಾವು ಖುದ್ದಾಗಿ ಅಳೆದಿದ್ದೇವೆ, ನಮ್ಮ ನೀರಿನ ಪೈಪಿನಿಂದ ನಿಮ್ಮ ವಾಹನಕ್ಕೆ ಯಾವ ಅಡ್ಡಿಯೂ ಇರುವುದಿಲ್ಲ, ಅದನ್ನು ತೆಗೆಯುವ ಅಗತ್ಯವಿಲ್ಲ. 'ಖುದ್ದಾಗಿ' ಎಂಬಲ್ಲಿ ನನ್ನ ಪೆನ್ನು ಸ್ವಲ್ಪ ಹೊತ್ತು ನಿಂತಿತು. ನಿಂತು, ಮುಂದೆ ಹೋಯಿತು. ಇವರು ಸಹಿ ಹಾಕಿದರು. ಅಕ್ಷರ ಚೆನ್ನಾಗಿದೆ ಅಂದರು.

ಆವತ್ತು ಹತ್ತೂವರೆಯ ಹೊತ್ತಿಗೆ ಅದು ಬಂತು. ಮೊದಲು ಬಂದದ್ದು ಸದ್ದು, ಆಮೇಲೆ ನೆಲದ ನಡುಕ. ತೊಟ್ಟಿಯ ನೀರಿನ ಮೇಲೆ ಸಣ್ಣ ಸಣ್ಣ ಬಳೆಗಳು ಎದ್ದವು. ನಾನು ಅಕ್ಕಿ ತೊಳೆಯುವುದನ್ನು ಅರ್ಧಕ್ಕೆ ಬಿಟ್ಟು, ಒದ್ದೆ ಕೈಯಲ್ಲೇ ಗೇಟಿನ ಹತ್ತಿರ ಹೋದೆ. ಕಣದ ಕೆಲಸದವರು, ಪಾತ್ರೆ ತೊಳೆಯಲು ಬಂದಿದ್ದ ಹೆಂಗಸು, ಅತ್ತೆ, ಎಲ್ಲರೂ ರಸ್ತೆಗೆ ಬಂದರು. ಮುಂದೆ ಇಬ್ಬರು ಬಿದಿರಿನ ಗಳುವಿನ ತುದಿಗೆ ಅಡ್ಡಪಟ್ಟಿ ಕಟ್ಟಿಕೊಂಡು, ಕರೆಂಟಿನ ತಂತಿ, ಮರದ ಕೊಂಬೆ ಎಲ್ಲವನ್ನೂ ಮುಟ್ಟಿ ನೋಡುತ್ತಾ ನಡೆದು ಬರುತ್ತಿದ್ದರು. ಕಡೂರಿನ ಮುದುಕರು ಹೇಳಿದ್ದು ನೆನಪಾಯಿತು. ಈ ಗಳುವಿನವರೂ ಹಾಗೇ, ನಿಲ್ಲು, ನೋಡು, ಹೊರಡು.

ಗಳುವಿನ ಅಡ್ಡಪಟ್ಟಿ ನಮ್ಮ ಪೈಪಿಗೆ ತಾಗಿ 'ಟಣ್' ಅಂದಿತು.

ಮುಂದಿದ್ದವನು ಕೈಯೆತ್ತಿದ. ಟ್ರೇಲರ್ ನಿಂತಿತು. ನಾನು ಟ್ರಾನ್ಸ್‌ಫಾರ್ಮರಿನ ಅಡಿಯನ್ನೇ ನೋಡಿದೆ. ಕಡೂರಿನಲ್ಲಿ ನನ್ನ ಮೊಣಕಾಲಿನ ಹತ್ತಿರ ಇದ್ದದ್ದು ಇಲ್ಲಿ ಸಾಲುಸಾಲು ಟೈರುಗಳ ಮೇಲೆ, ಹಲಗೆಯ ಮೇಲೆ, ನನ್ನ ಸೊಂಟದ ಎತ್ತರದಲ್ಲಿ ಕೂತಿತ್ತು.

ಇವರು ಒಳಗೆ ಓಡಿ ಹಗ್ಗ ತಂದರು. ಮೇಲಿದ್ದ ಒಬ್ಬನಿಗೆ ಎಸೆದು ನೆತ್ತಿಗೆ ಹಿಡಿಯಲು ಹೇಳಿದರು. ಹಗ್ಗ ಇಳಿಯಿತು. ಕೆಂಪು ದಾರ ಡಾಂಬರಿನಿಂದ ಒಂದು ಮೊಳ ಮೇಲೆ ನಿಂತು, ಗಾಳಿಗೆ ಅತ್ತಿತ್ತ ಆಡಿತು.

"ಇದು ಹೆಂಗೆ?" ಅಂದರು ಇವರು. ಬಗ್ಗಿ ದಾರವನ್ನು ಬೆರಳಲ್ಲಿ ಹಿಡಿದು ನೋಡಿದರು. "ಇವ್ರು ಅಡಿಗೆ ಏನೋ ಕೊಟ್ಟಿದ್ದಾರೆ. ಏನ್ರೀ, ಅಡಿಗೆ ಏನು ಕೊಟ್ಟಿದ್ದೀರಿ?"

ಕಂಪನಿಯ ಸೂಪರ್‌ವೈಸರ್ ಉತ್ತರದ ಕಡೆಯವನು, ಬಿಸಿಲಿಗೆ ಕೆಂಪಾದ ಮುಖದ, ತಾಳ್ಮೆಯ ಮನುಷ್ಯ. "ಅಡಿಗೆ ಗಾಡಿ ಇದೆ ಸಾಬ್" ಅಂದ. ಜನ ಗೊಳ್ಳೆಂದು ನಕ್ಕರು. ಅವನು ತಮಾಷೆಗೆ ಹೇಳಿದ್ದಲ್ಲ. ಕಂಕುಳಿನಿಂದ ಫೈಲು ತೆಗೆದು, ಅದರಿಂದ ಒಂದು ಕಾಗದ ಬಿಡಿಸಿದ. ನನ್ನ ದುಂಡು ಅಕ್ಷರ ನನಗೆ ದೂರದಿಂದಲೇ ಗುರುತು ಸಿಕ್ಕಿತು. "ಇಲ್ಲಿ ಪ್ರಾಬ್ಲಂ ಇಲ್ಲ ಅಂತ ಇದೆ. ಖುದ್ ಮೆಜರ್ ಮಾಡಿದೆ ಅಂತ ಇದೆ. ರೈಟಿಂಗ್ ಬಹಳ ಚೆನ್ನಾಗಿದೆ. ಅದಕ್ಕೇ ನಾನು ನಂಬಿದೆ ಸಾಬ್."

ಭೂಮಿ ಬಾಯಿಬಿಟ್ಟರೆ ಹೋಗಿಬಿಡುತ್ತಿದ್ದೆ.

ಆ ಹೊತ್ತಿಗೆ ಎರಡೂ ಕಡೆ ಬಸ್ಸು, ಜೀಪು, ಕಾಫಿ ಮೂಟೆಯ ಲಾರಿ ಸಾಲು ನಿಂತಿದ್ದವು. ಬಸ್ಸಿನಿಂದ ಇಳಿದವರೆಲ್ಲ ಎಂಜಿನಿಯರುಗಳಾದರು. "ಟೈರಿನ ಗಾಳಿ ತೆಗೀರಿ", "ರಸ್ತೆ ಅಗೀರಿ", "ಪೈಪಿಗೆ ಬೆಣ್ಣೆ ಹಚ್ಚಿ". ಸೂಪರ್‌ವೈಸರ್ ಏನನ್ನೂ ಕೇಳಿಸಿಕೊಳ್ಳದೆ ಟ್ರೇಲರಿನ ಪಕ್ಕ ಹೋಗಿ ಯಾವುದೋ ಹಿಡಿ ತಿರುಗಿಸಿದ. ಆ ಹಲಗೆ ಉಸಿರು ಬಿಟ್ಟ ಹಾಗೆ ಸದ್ದು ಮಾಡುತ್ತಾ ಮೆಲ್ಲಗೆ ಕೆಳಗಿಳಿಯತೊಡಗಿತು. ಇಳಿಸುವ ಅನುಕೂಲವೊಂದು ಅದರಲ್ಲಿತ್ತು. ನಾನು ಗೇಟಿನ ಕಂಬಿ ಹಿಡಿದು ನೋಡುತ್ತಿದ್ದೆ. ಇನ್ನೊಂದಿಷ್ಟು, ಇನ್ನೊಂದಿಷ್ಟು. ನಿಂತಿತು. ಗಳುವಿನವನು ಹೋಗಿ ಪೈಪಿಗೂ ಟ್ರಾನ್ಸ್‌ಫಾರ್ಮರಿನ ನೆತ್ತಿಯ ಕೊಕ್ಕೆಗೂ ಕಣ್ಣು ಹೊಂದಿಸಿ ನೋಡಿ, ಕೈ ಎತ್ತಿ ನಾಲ್ಕು ಬೆರಳು ತೋರಿಸಿದ.

ನಾಲ್ಕೇ ನಾಲ್ಕು ಬೆರಳು ಸಾಲದು.

"ಎತ್ತಿ ಹಿಡಿಯೋಣ ಪೈಪನ್ನ" ಅಂದರು ಇವರು. "ಬಿದಿರು ಕವೆ ಕೊಟ್ಟು ಎತ್ತಿದ್ರೆ ನಾಲ್ಕು ಬೆರಳು ಬರಲ್ವಾ?"

"ಸಾಬ್, ತಾಗಿದ್ರೆ ನನ್ನ ನೌಕರಿ ಹೋಗತ್ತೆ" ಅಂದ ಸೂಪರ್‌ವೈಸರ್.

ಹಾಗಾದರೆ ಜಾಯಿಂಟಿನಲ್ಲಿ ಬಿಚ್ಚೋಣ ಎಂದು ಇವರು ಏಣಿ ಹಾಕಿಸಿದರು. ಕೆಲಸದವನೊಬ್ಬ ಗುಡ್ಡಕ್ಕೆ ಓಡಿ ಒರತೆಯ ತೊಟ್ಟಿಯಲ್ಲಿ ನಮ್ಮ ಪೈಪಿನ ಬಾಯಿಗೆ ಬಟ್ಟೆ ಸುತ್ತಿದ ಮರದ ಬೆಣೆ ಹೊಡೆದು ಬಂದ. ಸ್ಪ್ಯಾನರು ಹಾಕಿ ಇಬ್ಬರು ಜೋತುಬಿದ್ದರು. ಹತ್ತು ವರ್ಷದ ಮಳೆಗೆ ತುಕ್ಕು ಹಿಡಿದ ಜಾಯಿಂಟ್ ಅಲುಗಾಡಲಿಲ್ಲ. ಸೀಮೆಎಣ್ಣೆ ಸುರಿದರು. ಸುತ್ತಿಗೆಯಲ್ಲಿ ಹೊಡೆದರು. ಬಸ್ಸಿನವರು ಹಾರ್ನ್ ಹೊಡೆಯಲು ಶುರು ಮಾಡಿದರು. ಒಬ್ಬ ಕಂಡಕ್ಟರ್, "ಏನ್ ಸಾರ್, ನಿಮ್ಮನೆ ಪೈಪ್ ಬಿಚ್ಚೋ ತನಕ ನಮ್ಮನ್ನ ಇಲ್ಲೇ ಸಾಕ್ತೀರಾ? ಊಟ ಹಾಕ್ತೀರಾದ್ರೆ ಸರಿ" ಅಂದ.

ಇವರು ಏಣಿಯಿಂದ ಇಳಿದರು. ನನ್ನ ಕಡೆ ನೋಡಲಿಲ್ಲ. "ಕುಯ್ರೋ" ಅಂದರು.

ಗರಗಸದ ಸದ್ದು ಬಹಳ ಹೊತ್ತು ಬರಲಿಲ್ಲ. ಅಷ್ಟು ವರ್ಷ ಜಗ್ಗದ ಪೈಪು ಐದು ನಿಮಿಷಕ್ಕೆ ಎರಡಾಯಿತು. ಒಳಗಿದ್ದ ನೀರೆಲ್ಲ ಬಿಸಿ ಡಾಂಬರಿನ ಮೇಲೆ ಸುರಿಯಿತು, ಸಣ್ಣಗೆ ಆವಿ ಎದ್ದಿತು. ಬಸ್ಸಿನವರು ಕೈಕಾಲು ತೊಳೆದುಕೊಂಡರು, ಒಂದು ಹೆಂಗಸು ಮಗುವಿನ ಮುಖ ತೊಳೆದಳು. ಆ ಕಂಡಕ್ಟರ್ ಬಾಟಲಿ ತುಂಬಿಕೊಂಡು ಒಂದು ಗುಟುಕು ಕುಡಿದು, "ಆಹಾ, ಒಳ್ಳೇ ನೀರು!" ಅಂದ. ಆಮೇಲೆ ಟ್ರೇಲರ್ ಹೊರಟಿತು. ನಮ್ಮ ಗೇಟಿನ ಮುಂದೆ ದಾಟುವುದಕ್ಕೆ ಇಪ್ಪತ್ತು ನಿಮಿಷ ಹಿಡಿಯಿತು. ದಾಟುವಾಗ ಸೂಪರ್‌ವೈಸರ್ ನನಗೆ ಕೈಮುಗಿದ. ನಾನೂ ಮುಗಿದೆ. ಅವನನ್ನು ಬೈಯಲೂ ನನಗೆ ಕಾರಣ ಸಿಗಲಿಲ್ಲ.

ಪ್ಲಂಬರನ ಮನೆಗೆ ಜೀಪು ಹೋಗಿ ಖಾಲಿ ಬಂತು. ಅವನು ತಂಗಿಯ ಮನೆಗೆಂದು ಕಳಸಕ್ಕೆ ಹೋಗಿದ್ದ, ಬರುವುದು ಸೋಮವಾರ. ಇವರು ತೋಟಕ್ಕೆ ನೀರು ಹಾಯಿಸುವ ಹಸಿರು ರಬ್ಬರ್ ಪೈಪಿನ ಒಂದು ತುಂಡು ತಂದು, ಕತ್ತರಿಸಿದ ಎರಡು ತುದಿಗೂ ಸೇರಿಸಿ, ಹಳೆಯ ಸೈಕಲ್ ಟ್ಯೂಬಿನಲ್ಲಿ ಬಿಗಿದು ಕಟ್ಟಿದರು. ಒರತೆಯ ಬೆಣೆ ತೆಗೆಸಿದರು. ನಾನು ಅಡುಗೆಮನೆಯಲ್ಲಿ ನಲ್ಲಿ ತಿರುಗಿಸಿ ಕಾದೆ. ನಲ್ಲಿ ಕೆಮ್ಮಿತು. ಒಂದು ಹಿಡಿ ಕೆಂಪು ನೀರು ಉಗುಳಿತು. ಮತ್ತೆ ಕೆಮ್ಮಿತು. ಆಮೇಲೆ ಗಾಳಿ ಮಾತ್ರ, ಹಾವು ಬುಸುಗುಟ್ಟಿದ ಹಾಗೆ, ಅದೂ ನಿಂತಿತು.

"ಬಂತಾ?" ಅಂತ ರಸ್ತೆಯಿಂದ ಕೂಗಿದರು.

"ಇಲ್ಲ."

"ಈಗ?"

"ಇಲ್ಲ."

ಮೂರೂವರೆಯ ತನಕ ಇದೇ ಆಯಿತು. ಕೊನೆಗೆ ನೀರು ಸುಮ್ಮನೆ ಗುಡ್ಡದಲ್ಲಿ ಸೋರಿ ಹಾಳಾಗುತ್ತದೆಂದು ಬೆಣೆಯನ್ನು ಮತ್ತೆ ಹೊಡೆಸಿದರು.

ನಾನೂ ಪಾತ್ರೆಯ ಹೆಂಗಸೂ ಬಾವಿಗೆ ಇಳಿದೆವು. ಹತ್ತು ವರ್ಷದಿಂದ ಇಳಿಯದ ಮೆಟ್ಟಿಲುಗಳ ಮೇಲೆ ಪಾಚಿ ಒಣಗಿ ಸಿಪ್ಪೆ ಎದ್ದಿತ್ತು. ನೀರು ತೀರಾ ಕೆಳಗೆ ಹೋಗಿತ್ತು, ಹಗ್ಗ ಸಾಲದೆ ಇನ್ನೊಂದು ಗಂಟು ಹಾಕಬೇಕಾಯಿತು. ಮೊದಲ ಕೊಡ ಹತ್ತಿಸುವಾಗ ಮೆಟ್ಟಿಲು ಎಣಿಸಿದೆ. ನಲವತ್ತೆರಡು. ಒಂದೂ ಕಡಿಮೆಯಾಗಿರಲಿಲ್ಲ. ಅತ್ತೆ ಹಿತ್ತಲ ಬಾಗಿಲಲ್ಲಿ ಕೂತು ನೋಡುತ್ತಾ, "ನಮ್ ಕಾಲದಲ್ಲಿ ಎಲ್ಲಾ ಕಾರ್ಯಕ್ಕೂ ಇದೇ ಬಾವಿ ನೀರೇ. ಅದೇನು ರುಚಿ ಅಂತೀಯ" ಅಂದರು. ಅವರಿಗೆ ಸಮಾಧಾನ ಹೇಳುವ ಉದ್ದೇಶವೇ ಇತ್ತು, ನನಗೆ ಗೊತ್ತು. ನನ್ನ ಕೈಯಲ್ಲಿದ್ದ ಕೊಡವನ್ನು ಅಲ್ಲೇ ಕುಕ್ಕಿಬಿಡೋಣ ಅನ್ನಿಸಿತು.

ಹನ್ನೊಂದನೇ ಕೊಡಕ್ಕೆ ಇವರು ಬಂದು, "ನಾನು ತರ್ತೀನಿ, ಬಿಡು" ಅಂದರು.

ಆಗ ಬಾಯಿಬಿಟ್ಟೆ. "ನಾನು ಕಡೂರಲ್ಲೇ ಹೇಳಿದ್ದೆ."

"ಹೇಳಿದ್ದೆ" ಅಂದರು. ಕೊಡ ತೆಗೆದುಕೊಂಡರು. ಮೂರು ಮೆಟ್ಟಿಲು ಇಳಿದು ತಿರುಗಿ, "ಆದ್ರೆ ಗಟ್ಟಿಯಾಗಿ ಹೇಳ್ಬೇಕಿತ್ತು ನೀನು. ಪ್ರಶ್ನೆ ಕೇಳಿದ ಹಂಗೆ ಹೇಳಿದ್ರೆ ಯಾರಿಗೆ ಗೊತ್ತಾಗತ್ತೆ?" ಅಂದರು.

ಆ ಮಾತಿಗೆ ನನಗೆ ಸಿಟ್ಟು ಬಂತು. ಯಾಕೆಂದರೆ ಅದರಲ್ಲಿ ಒಂದು ಎಳೆ ನಿಜವಿತ್ತು. ಅಲ್ಲಿ ಪ್ರಶ್ನೆಯ ಹಾಗೆ ಹೇಳಿದೆ. ಮನೆಗೆ ಬಂದು, ಗೊತ್ತಿದ್ದೂ ಗೊತ್ತಿದ್ದೂ, ಖುದ್ದಾಗಿ ಅಳೆದಿದ್ದೇವೆ ಅಂತ ಓರೆಯಿಲ್ಲದ ಸಾಲಿನಲ್ಲಿ ಬರೆದೆ. ವ್ಯಾಗನ್ನಿನ ಹೊಟ್ಟೆ ಯಾಕೆ ಬಗ್ಗಿದೆ ಎಂದು ಕೇಳಿ ತಿಳಿದುಕೊಂಡವಳು ನಾನೊಬ್ಬಳೇ. ಬರೆಯುವಾಗ ಪೆನ್ನು ಕೆಳಗಿಟ್ಟಿದ್ದರೆ ಇವರೇನು ಹೊಡೆಯುತ್ತಿದ್ದರೇ? ಎರಡು ದಿನ ಮುಖ ಊದಿಸಿಕೊಂಡಿರುತ್ತಿದ್ದರು, ಅಷ್ಟೇ.

ಐದೂವರೆಗೆ ಎರಡು ಡ್ರಮ್ ತುಂಬಿದ್ದವು. ಅಕ್ಕಿ ತೊಳೆದಾಗಿತ್ತು, ಪಾತ್ರೆ ಅರ್ಧ ಆಗಿತ್ತು. ನೆಲ ತೊಳೆಯುವುದನ್ನು ಬಿಟ್ಟೆ, ಒದ್ದೆ ಬಟ್ಟೆಯಲ್ಲಿ ಒರೆಸಿದರಾಯಿತು ಅಂತ. ಪರದೆಗಳು ಹಾಗೇ ಮಡಿಸಿದ ಗಂಟಿನಲ್ಲಿದ್ದವು. ಅಂಗೈಯಲ್ಲಿ ಹಗ್ಗ ಎಳೆದ ಕಡೆ ಚರ್ಮ ಕೆಂಪಾಗಿ ಉರಿಯುತ್ತಿತ್ತು. ಅದಕ್ಕೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಹಿತ್ತಲ ಕಟ್ಟೆಯ ಮೇಲೆ ಕೂತಿದ್ದೆ.

ರಸ್ತೆಯ ಮೇಲ್ಗಡೆಯ ಮನೆಯ ಅಕ್ಕ ಬಂದರು. ಮರುದಿನದ ಊಟಕ್ಕೆ ಬಾಳೆಎಲೆ ಕೊಡುತ್ತೇನೆ ಎಂದು ವಾರದ ಮೊದಲೇ ಹೇಳಿದ್ದರು. ಗುಡ್ಡದ ಒರತೆಯ ತೊಟ್ಟಿಗೆ ಎರಡು ಬಾಯಿ, ಒಂದು ಈಗ ಬೆಣೆ ಬಿದ್ದಿದ್ದ ನಮ್ಮದು, ಇನ್ನೊಂದು ಅವರದು. ಎಂದೂ ಜಗಳವಾಡಿದವರಲ್ಲ, ಬೇಸಗೆಯಲ್ಲಿ ಇಬ್ಬರಿಗೂ ಸಮನಾಗಿ ಸಣ್ಣಗೆ ಬರುತ್ತಿತ್ತು. ಅವರು ಮಧ್ಯಾಹ್ನದ ತನಕ ತೋಟದ ಆ ತುದಿಯಲ್ಲಿ ಹಣ್ಣು ಕುಯ್ಯಿಸುತ್ತಿದ್ದರಂತೆ, ಟ್ರೇಲರ್ ಬಂದದ್ದು ಹೋದದ್ದು ನೋಡಲಾಗಲಿಲ್ಲ ಎಂದು ಬೇಜಾರು ಮಾಡಿಕೊಂಡರು. ಐವತ್ತು ಎಲೆಯ ಕಟ್ಟನ್ನು ನನ್ನ ಪಕ್ಕ ಇಟ್ಟರು. ಎಲೆಗಳ ತುದಿಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

"ತೊಳೆದೇ ತಂದಿದೀನಿ, ನೀನು ಮತ್ತೆ ತೊಳೆಯೋದೇನೂ ಬೇಡ" ಅಂದರು, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ. "ಇವತ್ತು ನಮ್ಮನೆ ನಲ್ಲೀಲಿ ಎಂಥಾ ನೀರು ಅಂತೀಯ ಮಾರಾಯ್ತಿ! ಮಧ್ಯಾಹ್ನದಿಂದ ಸುರೀತಾ ಇದೆ, ಮಳೆಗಾಲದಲ್ಲೂ ಹೀಗೆ ಬಂದಿರ್ಲಿಲ್ಲ."